ಸೊನ್ನೆ ಟಿಕೆಟ್ಟಿನ ಬಿಲ್ಲು: ‘ಶಕ್ತಿ’ ಯೋಜನೆ ಮತ್ತು ಸಾರಿಗೆ ನಿಗಮಗಳ ಲೆಕ್ಕ

ರಾತ್ರಿ ಹತ್ತರ ಹೊತ್ತಿಗೆ ಬಸ್ ಘಟಕವೊಂದರ ನಗದು ಶಾಖೆಯ ಕಿಟಕಿಯ ಮುಂದೆ ನಿಂತು ನೋಡಬೇಕು. ಪಾಳಿ ಮುಗಿಸಿ ಬಂದ ನಿರ್ವಾಹಕರು ಹೆಗಲಿನ ಚೀಲ ಇಳಿಸಿ, ಮುದುಡಿದ ನೋಟುಗಳನ್ನು ತೊಡೆಯ ಮೇಲೆ ನೀವಿ, ಮುಖ ಒಂದೇ ಕಡೆ ಬರುವಂತೆ ಜೋಡಿಸುತ್ತಿರುತ್ತಾರೆ. ನಾಣ್ಯಗಳು ಹತ್ತತ್ತರ ಕಂಬಗಳಾಗಿ ನಿಲ್ಲುತ್ತವೆ. ಟಿಕೆಟ್ ಯಂತ್ರವನ್ನು ಒಪ್ಪಿಸಿದಾಗ ದಿನದ ಲೆಕ್ಕ ಹೊರಬರುತ್ತದೆ. ಯಂತ್ರ ಹೇಳುವ ಮೊತ್ತಕ್ಕೂ ಚೀಲದಲ್ಲಿರುವ ಮೊತ್ತಕ್ಕೂ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಅಲ್ಲೇ ಜೇಬಿಗೆ ಕೈಹಾಕಬೇಕು. ನಾಳೆ ಕೊಡುತ್ತೇನೆ ಎನ್ನುವ ಮಾತಿಗೆ ಆ ಕಿಟಕಿಯಲ್ಲಿ ಬೆಲೆಯಿಲ್ಲ.

ಅದೇ ಲೆಕ್ಕದಲ್ಲಿ 2023ರ ಜೂನ್‌ನಿಂದ ಇನ್ನೊಂದು ಮೊತ್ತವೂ ಬರುತ್ತಿದೆ. ‘ಶಕ್ತಿ’ ಯೋಜನೆಯಡಿ ಉಚಿತವಾಗಿ ಪ್ರಯಾಣಿಸುವ ಮಹಿಳೆಯರಿಗೆ ಕೊಟ್ಟ ಶೂನ್ಯ ಟಿಕೆಟ್‌ಗಳ ಮೌಲ್ಯ ಅದು. ಅವರು ಹಣ ಕೊಟ್ಟಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು. ಆ ಹಣ ಚೀಲದಲ್ಲಿಲ್ಲ. ಘಟಕದಿಂದ ವಿಭಾಗಕ್ಕೆ, ವಿಭಾಗದಿಂದ ಕೇಂದ್ರ ಕಚೇರಿಗೆ, ಅಲ್ಲಿಂದ ಸರ್ಕಾರಕ್ಕೆ ಹೋಗುವ ಬಿಲ್ಲಾಗಿ ಅದು ಪ್ರಯಾಣ ಬೆಳೆಸುತ್ತದೆ. ನಿರ್ವಾಹಕನಿಗೆ ಇಲ್ಲದ ‘ನಾಳೆ’ ಆ ಬಿಲ್ಲು ತೀರಿಸಬೇಕಾದವರಿಗೆ ಧಾರಾಳವಾಗಿದೆ.

ಉಚಿತ ಪ್ರಯಾಣ ಸರಿಯೋ ತಪ್ಪೋ ಎಂಬ ಚರ್ಚೆ ಈ ಬರಹದ್ದಲ್ಲ. ನನ್ನನ್ನು ಕೇಳಿದರೆ ಸರಿ ಎನ್ನುತ್ತೇನೆ. ಇಲ್ಲಿ ನೋಡಬೇಕೆಂದಿರುವುದು, ರಾಜ್ಯ ಸರ್ಕಾರ ಸಾರಿಗೆಗೆ ಹಣ ಕೊಡುವ ಬಗೆಯನ್ನು. ಒಂದು ಆದೇಶದಿಂದ ಸರ್ಕಾರ ನಾಲ್ಕು ನಿಗಮಗಳ ಅತಿ ದೊಡ್ಡ ಗಿರಾಕಿಯಾಯಿತು, ಅದೂ ಸಾಲದ ಗಿರಾಕಿ. ಅಂಗಡಿಯಲ್ಲಿ ದರದ ಹಲಗೆ ಬರೆಯುವವನೂ ಅವನೇ.

ಇಲಾಖೆ ಹೋಗಿ ನಿಗಮ ಬಂದದ್ದು

ಈ ನಾಡಿನಲ್ಲಿ ಸರ್ಕಾರಿ ಬಸ್ಸು ಮೊದಲು ಓಡಿದ್ದು ಇಲಾಖೆಯ ಬಸ್ಸಾಗಿ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. ಲಾಭ ಬಂದರೂ ಖಜಾನೆಗೆ, ನಷ್ಟವಾದರೂ ಖಜಾನೆಯಿಂದ. 1961ರ ಆಗಸ್ಟ್ 1ರಂದು ನಿಗಮ ಹುಟ್ಟಿತು. ಅಂದಿನಿಂದ ಬಸ್ಸಿನ ಲೆಕ್ಕದ ಪುಸ್ತಕ ಬೇರೆ, ಸರ್ಕಾರದ ಲೆಕ್ಕದ ಪುಸ್ತಕ ಬೇರೆ. ಮುಂದೆ 1997ರ ಆಗಸ್ಟ್‌ನಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಅದೇ ನವೆಂಬರ್‌ನಲ್ಲಿ ಹುಬ್ಬಳ್ಳಿಯ ವಾಯವ್ಯ ಸಂಸ್ಥೆ, 2000ದಲ್ಲಿ ಕಲಬುರಗಿಯ ಈಶಾನ್ಯ ಸಂಸ್ಥೆ (ಇಂದಿನ ಕಲ್ಯಾಣ ಕರ್ನಾಟಕ ನಿಗಮ) ಬೇರೆಯಾದವು. ಮನೆ ನಾಲ್ಕಾದರೂ ಯಜಮಾನ ಒಬ್ಬನೇ.

ನಿಗಮಗಳು ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಂತೆ. ಅದರ 22ನೇ ಕಲಂ, ನಿಗಮ ವ್ಯಾವಹಾರಿಕ ತತ್ವಗಳಂತೆ ನಡೆದುಕೊಳ್ಳಬೇಕು ಎನ್ನುತ್ತದೆ. 34ನೇ ಕಲಂ, ಸರ್ಕಾರ ನಿಗಮಕ್ಕೆ ನಿರ್ದೇಶನಗಳನ್ನು ಕೊಡಬಹುದು ಎನ್ನುತ್ತದೆ. ಲಾಭ ನೋಡಿಕೊಂಡು ಅಂಗಡಿ ನಡೆಸು ಎಂದವನೇ ಹನ್ನೆರಡು ಕಲಂ ದಾಟುವಷ್ಟರಲ್ಲಿ ನಾನು ಹೇಳಿದ ಹಾಗೆ ಮಾರು ಎಂದೂ ಹೇಳಿದಂತಾಯಿತು. ಈ ಎರಡು ಮಾತುಗಳ ನಡುವೆ ಬೀಳುವ ನಷ್ಟವನ್ನು ಯಾರು, ಯಾವಾಗ, ಎಷ್ಟು ದಿನದೊಳಗೆ ತುಂಬಿಕೊಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಏರ್ಪಾಡಿಲ್ಲ.

ಹಾಗೆಂದು ರಿಯಾಯಿತಿ ಎಂಬುದು 2023ರಲ್ಲಿ ಹುಟ್ಟಿದ್ದಲ್ಲ. ವಿದ್ಯಾರ್ಥಿ ಪಾಸಿನ ಹೊರೆಯನ್ನು ಸರ್ಕಾರ, ನಿಗಮ, ವಿದ್ಯಾರ್ಥಿ ಮೂವರೂ ಹೊತ್ತುಕೊಳ್ಳುವ ಪದ್ಧತಿ ಮೊದಲಿನಿಂದಲೂ ಇದೆ. ಅಂಧರು, ಹಿರಿಯ ನಾಗರಿಕರು, ಸ್ವಾತಂತ್ರ್ಯ ಹೋರಾಟಗಾರರಿಗೂ ಬೇರೆ ಬೇರೆ ರಿಯಾಯಿತಿಗಳಿವೆ. ಸರ್ಕಾರದಿಂದ ಬರಬೇಕಾದದ್ದು ತಡವಾಗಿ ಬರುವ ಅಭ್ಯಾಸವೂ ಅಷ್ಟೇ ಹಳೆಯದು. ‘ಶಕ್ತಿ’ ಬಂದದ್ದು ಈ ಅಭ್ಯಾಸದ ಮೇಲೆ, ಬಹಳ ದೊಡ್ಡದಾಗಿ.

ಜೂನ್ 11

2023ರ ಜೂನ್ 11ರಂದು ವಿಧಾನಸೌಧದ ಮುಂದೆ ಯೋಜನೆಗೆ ಚಾಲನೆ ಸಿಕ್ಕಿತು. ಐದು ಗ್ಯಾರಂಟಿಗಳಲ್ಲಿ ಮೊದಲು ಜಾರಿಗೆ ಬಂದದ್ದು ಇದೇ, ಸರ್ಕಾರ ರಚನೆಯಾಗಿ ತಿಂಗಳು ತುಂಬುವ ಮೊದಲೇ. ರಾಜ್ಯದ ನಿವಾಸಿಗಳಾದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ನಗರ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಓಡಾಡಬಹುದು. ರಾಜಹಂಸ, ಐರಾವತ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳು ಇದರಿಂದ ಹೊರಗೆ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಬೆಂಗಳೂರು ನಗರ ಸಾರಿಗೆಯನ್ನು ಬಿಟ್ಟು ಉಳಿದ ಮೂರು ನಿಗಮಗಳ ಬಸ್ಸುಗಳಲ್ಲಿ ಅರ್ಧ ಸೀಟು ಪುರುಷರಿಗೆ ಎಂಬ ಮಾತೂ ಆದೇಶದಲ್ಲಿತ್ತು. ಜಾತ್ರೆಯ ದಿನ ಆ ನಿಯಮ ಬಸ್ಸಿನ ಫುಟ್‌ಬೋರ್ಡಿನ ಮೇಲೂ ನಿಲ್ಲಲಾರದು.

ಬೇರೆ ರಾಜ್ಯಗಳಲ್ಲಿ ಇಂಥದ್ದು ಇರಲಿಲ್ಲವೆಂದಲ್ಲ. ದೆಹಲಿಯಲ್ಲಿ 2019ರ ಅಕ್ಟೋಬರ್‌ನಿಂದ ಗುಲಾಬಿ ಟಿಕೆಟ್ ಇತ್ತು. ಅದು ನಗರದ ಬಸ್ಸು. ತಮಿಳುನಾಡು 2021ರಲ್ಲಿ ಕೊಟ್ಟದ್ದು ಪಟ್ಟಣದೊಳಗಿನ ಸಾಮಾನ್ಯ ಬಸ್ಸುಗಳಿಗೆ. ಕರ್ನಾಟಕ ಅದನ್ನು ದೂರದ ಊರುಗಳಿಗೂ ಹಿಗ್ಗಿಸಿತು. ಬೀದರ್‌ನಲ್ಲಿ ಹತ್ತಿದವಳು ಬಸ್ಸು ಬದಲಿಸುತ್ತಾ ಚಾಮರಾಜನಗರದಲ್ಲಿ ಇಳಿದರೂ ಸೊನ್ನೆಯೇ. ಹಾಗಾಗಿ ಬಿಲ್ಲಿನ ಗಾತ್ರ ಬೇರೆಯದೇ ಆಯಿತು.

ಮೊದಲ ವಾರಗಳ ನೂಕುನುಗ್ಗಲು ಎಲ್ಲರಿಗೂ ನೆನಪಿದೆ. ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟದ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಳ್ಳೇಗಾಲದ ನಿಲ್ದಾಣದಲ್ಲಿ ಬಸ್ಸಿನ ಬಾಗಿಲೇ ಕಿತ್ತುಬಂದದ್ದನ್ನು ಜನ ಮೊಬೈಲಿನಲ್ಲಿ ನೋಡಿ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಕೊಂಕೂ ಇತ್ತು: ಹೆಂಗಸರಿಗೆ ಕೆಲಸವಿಲ್ಲ, ಊರೂರು ಸುತ್ತುತ್ತಿದ್ದಾರೆ ಎಂದು. ಯಾತ್ರೆಗೆ ಹೋದರೆ ತಪ್ಪೇನು ಎಂಬುದು ಒಂದು ಮಾತು. ದಿನದ ಪ್ರಯಾಣಿಕರ ಸಂಖ್ಯೆ 84 ಲಕ್ಷದ ಆಸುಪಾಸಿನಿಂದ 1 ಕೋಟಿ ದಾಟಿ, ವರ್ಷಗಳಾದರೂ ಅಲ್ಲೇ ನಿಂತದ್ದು ಇನ್ನೊಂದು. ಎರಡು ವರ್ಷ ದಿನಾ ಯಾರೂ ಯಾತ್ರೆಗೆ ಹೋಗುವುದಿಲ್ಲ.

ಅಂಥ ಒಂದು ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕುಳಿತಿದ್ದರು. ಮಡಿಲಲ್ಲಿ ಸೊಪ್ಪಿನ ಗಂಟು, ಒದ್ದೆ ಬಟ್ಟೆ ಸುತ್ತಿದ್ದು. ನಿರ್ವಾಹಕ ಆಧಾರ್ ಕಾರ್ಡಿನ ಮೇಲೆ ಕಣ್ಣಾಡಿಸಿ ಟಿಕೆಟ್ ಹರಿದು ಕೊಟ್ಟ.

“ದುಡ್ಡಿಲ್ಲದ ಮೇಲೆ ಚೀಟಿ ಯಾಕಪ್ಪಾ?”

“ಇಟ್ಟುಕೊಳ್ಳಿ ಅಜ್ಜೀ. ತನಿಖೆಯವರು ಬಂದರೆ ನಿಮಗಿಂತ ಮೊದಲು ನನ್ನನ್ನು ಹಿಡಿಯುತ್ತಾರೆ.”

ಅಜ್ಜಿ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟರು. ಸಂಚಿಯಲ್ಲಿ ಹಳೆಯ ಟಿಕೆಟ್ಟುಗಳೂ ಇದ್ದವು, ಅಕ್ಷರ ಮಾಸಿ ಬರೀ ಬಿಳಿ ಚೂರುಗಳಾಗಿದ್ದವು. ಯಾಕೆ ಎಸೆದಿಲ್ಲ ಎಂದರೆ, “ಸರ್ಕಾರದ ಕಾಗದ ಅಲ್ಲವಾ” ಎಂದರು.

ಐನೂರು ಕೋಟಿ

2025ರ ಜುಲೈ 14ರಂದು ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಬಸ್ಸು ಹತ್ತಿ ಟಿಕೆಟ್ ಕೊಟ್ಟರು. ಅಲ್ಲಿಯವರೆಗಿನ ಟಿಕೆಟ್‌ಗಳ ಮೌಲ್ಯ 12,669 ಕೋಟಿ ರೂಪಾಯಿ ಎಂದು ಸರ್ಕಾರ ಹೇಳಿತು. ಹೂಮಾಲೆ, ಚಪ್ಪಾಳೆಗಳೆಲ್ಲ ಮುಗಿದ ಮೇಲೆ ಈ ಎರಡು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಕೂತರೆ ಸಾಕಷ್ಟು ತಿಳಿಯುತ್ತದೆ.

12,669ನ್ನು 500ರಿಂದ ಭಾಗಿಸಿದರೆ ಒಂದು ಪ್ರಯಾಣಕ್ಕೆ ಸರಾಸರಿ 25 ರೂಪಾಯಿ ಚಿಲ್ಲರೆ. ಇದು ಬೆಂಗಳೂರಿನ ದರ್ಶನಕ್ಕೆ ಹೋದವಳ ಟಿಕೆಟ್ಟಲ್ಲ. ಪಕ್ಕದ ಊರಿಗೆ, ತಾಲ್ಲೂಕು ಕೇಂದ್ರಕ್ಕೆ, ಕೆಲಸಕ್ಕೆ, ಆಸ್ಪತ್ರೆಗೆ ಹೋಗಿಬರುವವಳ ಟಿಕೆಟ್ಟು. ಮೊದಲ ವಾರದ ಕೊಂಕಿಗೆ ಇಷ್ಟು ಉತ್ತರ ಸಾಕು.

ಇನ್ನು ತಿಂಗಳ ಲೆಕ್ಕ. ಆರಂಭದಿಂದ ಅಂದಿಗೆ 25 ತಿಂಗಳು. ತಿಂಗಳಿಗೆ ಸರಾಸರಿ 507 ಕೋಟಿ, ವರ್ಷಕ್ಕೆ 6,000 ಕೋಟಿಗೂ ಮೇಲೆ. ಬಜೆಟ್ಟಿನಲ್ಲಿ ತೆಗೆದಿಟ್ಟದ್ದೆಷ್ಟು? 2024-25ಕ್ಕೆ 5,015 ಕೋಟಿ. 2025-26ಕ್ಕೆ 5,300 ಕೋಟಿ. ಅಂದರೆ ವರ್ಷ ಶುರುವಾಗುವ ದಿನವೇ ಬಿಲ್ಲಿಗೂ ಹಣಕ್ಕೂ ನೂರಾರು ಕೋಟಿಯ ಅಂತರ. ಇದನ್ನು ಬಾಕಿ ಎಂದು ಕರೆಯುವುದು ರೂಢಿ. ನಾನು ಸಾಲ ಎನ್ನುತ್ತೇನೆ, ಅದೂ ಬಡ್ಡಿಯಿಲ್ಲದ ಕೈಸಾಲ. ಕೊಟ್ಟವರು ನಿಗಮದವರು, ಪಡೆದವರು ಸರ್ಕಾರದವರು.

ಹಣಕಾಸು ಇಲಾಖೆಯ ಪರವಾಗಿ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಶೂನ್ಯ ಟಿಕೆಟ್ಟಿನ ಮೌಲ್ಯವೆಲ್ಲ ನಿಗಮಕ್ಕಾದ ನಷ್ಟವಲ್ಲ. ಟಿಕೆಟ್ಟಿಗೆ ದುಡ್ಡು ಕೊಡಬೇಕಿದ್ದ ಕಾಲದಲ್ಲಿ ಆ ಹೆಣ್ಣುಮಗಳು ನಡೆದುಹೋಗುತ್ತಿದ್ದಳು, ಇಲ್ಲವೇ ಹೋಗುತ್ತಲೇ ಇರಲಿಲ್ಲ. ಐವತ್ತು ಸೀಟಿನ ಬಸ್ಸಿನಲ್ಲಿ ಇಪ್ಪತ್ತು ಜನ ಕೂತಿದ್ದಾಗ ಇನ್ನೂ ಹದಿನೈದು ಮಂದಿ ಹತ್ತಿದರೆ ಡೀಸೆಲ್ ಹೆಚ್ಚೇನೂ ಉರಿಯುವುದಿಲ್ಲ, ಚಾಲಕನ ಸಂಬಳ ಏರುವುದಿಲ್ಲ, ಆದರೆ ಹದಿನೈದು ಟಿಕೆಟ್ಟಿನ ಪೂರ್ತಿ ದರ ಸರ್ಕಾರದ ಮೇಲೆ ಬೀಳುತ್ತದೆ. ಖಾಲಿ ಓಡುತ್ತಿದ್ದ ಮಾರ್ಗಗಳ ಮಟ್ಟಿಗೆ ‘ಶಕ್ತಿ’ ನಿಗಮಕ್ಕೆ ಬಂದ ವರವೇ ಸರಿ. ಆದಾಯ ಕಾಣದೆ ರದ್ದಾಗಬೇಕಿದ್ದ ಎಷ್ಟೋ ಹಳ್ಳಿ ಬಸ್ಸುಗಳಿಗೆ ಕಾಗದದ ಮೇಲಾದರೂ ಗಳಿಕೆ ಬಂತು.

ಈ ವಾದ ಮುರಿದುಬೀಳುವುದು ತುಂಬಿದ ಬಸ್ಸಿನಲ್ಲಿ. ಬಸ್ಸಿನ ಖರ್ಚು ತಲೆಗಳ ಮೇಲಲ್ಲ, ಕಿಲೋಮೀಟರುಗಳ ಮೇಲೆ ನಡೆಯುತ್ತದೆ. ಐವತ್ತೊಂದನೆಯವಳು ನಿಂತುಕೊಂಡಾಳು, ಎಪ್ಪತ್ತನೆಯವಳು ಬಾಗಿಲಿಗೆ ಜೋತುಬಿದ್ದಾಳು. ತೊಂಬತ್ತನೆಯವಳಿಗೆ ಇನ್ನೊಂದು ಬಸ್ಸೇ ಬೇಕು. ಬಸ್ಸೆಂದರೆ ಲಕ್ಷಗಟ್ಟಲೆ ಮೊದಲ ದಿನವೇ ಎಣಿಸಬೇಕು. ಒಬ್ಬ ಚಾಲಕ, ಒಬ್ಬ ನಿರ್ವಾಹಕ, ಬದಲಿ ಪಾಳಿಯವರು, ಘಟಕದಲ್ಲಿ ಮೆಕ್ಯಾನಿಕ್, ನಿಲ್ಲಿಸಲು ಜಾಗ. 25 ರೂಪಾಯಿಯ ಬಿಲ್ಲುಗಳು ಆರು ತಿಂಗಳ ಮೇಲೆ ಕಂತಿನಲ್ಲಿ ಬಂದರೆ ಇವು ಯಾವುವೂ ಆಗುವುದಿಲ್ಲ. ಸರ್ಕಾರ ಪ್ರಯಾಣಿಕಳಿಗೆ ಹಣ ಕೊಡಲು ಒಪ್ಪಿತು, ಬಸ್ಸಿಗೆ ಕೊಡುವುದನ್ನು ಬೇರೆಯಾಗಿ ಆಗಾಗ ಯೋಚಿಸಿತು. ಹೊಸ ಬಸ್ಸುಗಳು ಬಂದಿಲ್ಲವೆಂದಲ್ಲ: 2024ರ ಫೆಬ್ರುವರಿಯಲ್ಲಿ ‘ಅಶ್ವಮೇಧ’ ಹೆಸರಿನ ವೇಗದೂತಗಳು ರಸ್ತೆಗಿಳಿದವು, ನೇಮಕಾತಿಗಳೂ ನಡೆದವು. ಆದರೆ ಬೆಳಗಿನ ಎಂಟು ಗಂಟೆಯ ಬಸ್ಸಿಗೆ ಕೈಯೊಡ್ಡಿ ನಿಲ್ಲುವ ವಿದ್ಯಾರ್ಥಿಯನ್ನು ಕೇಳಿದರೆ ಅವನು ಹೇಳುವ ಕಥೆ ಬೇರೆ. ಅವನ ಕೈಯಲ್ಲಿ ಹಣ ಕೊಟ್ಟು ಪಡೆದ ಪಾಸಿದೆ, ಬಸ್ಸು ನಿಲ್ಲುವುದಿಲ್ಲ.

ಇದರಾಚೆಗೂ ಒಂದು ಅನ್ಯಾಯವಿದೆ, ಅದನ್ನು ಯಾರೂ ಹೆಚ್ಚು ಮಾತನಾಡುವುದಿಲ್ಲ. ಮಂಗಳೂರು, ಉಡುಪಿಯ ಕಡೆ ಊರೊಳಗೆ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಅಲ್ಲಿಯ ಮೀನು ಮಾರುವ ಹೆಂಗಸು ಟಿಕೆಟ್ಟಿಗೆ ದುಡ್ಡು ಕೊಟ್ಟೇ ಹೋಗಬೇಕು. ಹಣ ನಿಗಮದ ಮೂಲಕ ಹರಿಯುವುದರಿಂದ, ನಿಗಮದ ಬಸ್ಸಿಲ್ಲದ ಊರಿಗೆ ಸವಲತ್ತೂ ಇಲ್ಲ. ಖಾಸಗಿಯವರ ಸಿಟ್ಟು ಬೇರೆ ರೂಪದಲ್ಲಿ ಹೊರಬಂತು: 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರು ಬಂದ್ ನಡೆಸಿದವು.

ದರದ ಹಲಗೆ

2025ರ ಜನವರಿ 2ರಂದು ಸಚಿವ ಸಂಪುಟ ಬಸ್ ದರವನ್ನು ಶೇ 15ರಷ್ಟು ಏರಿಸಲು ಒಪ್ಪಿತು, 5ರಿಂದ ಜಾರಿಯಾಯಿತು. ಕಾರಣಗಳಲ್ಲಿ ಸುಳ್ಳಿರಲಿಲ್ಲ. ಬೆಂಗಳೂರಿನ ದರ ಕೊನೆಯದಾಗಿ ಪರಿಷ್ಕರಣೆಯಾದದ್ದು 2015ರ ಜನವರಿಯಲ್ಲಿ, ಉಳಿದ ಮೂರು ನಿಗಮಗಳದು 2020ರಲ್ಲಿ. ಸಚಿವ ಎಚ್.ಕೆ. ಪಾಟೀಲ ಅವರು ಕೊಟ್ಟ ವಿವರದಂತೆ ನಾಲ್ಕು ನಿಗಮಗಳ ಡೀಸೆಲ್ ಖರ್ಚು ದಿನಕ್ಕೆ 9.16 ಕೋಟಿಯಿಂದ 13.21 ಕೋಟಿಗೆ, ಸಿಬ್ಬಂದಿ ವೆಚ್ಚ 12.85 ಕೋಟಿಯಿಂದ 18.36 ಕೋಟಿಗೆ ಏರಿತ್ತು. ಎರಡನ್ನೂ ಕೂಡಿದರೆ ದಿನಕ್ಕೆ 9.56 ಕೋಟಿ ಹೆಚ್ಚು ಹೊರೆ. ಬೆಂಗಳೂರಿನಲ್ಲಿ ಹತ್ತು ವರ್ಷ ದರದ ಹಲಗೆ ಮುಟ್ಟದೆ ಕುಳಿತವರಲ್ಲಿ ಎಲ್ಲ ಪಕ್ಷದವರೂ ಇದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ನಿಗಮಗಳ ಸಂಕಟವನ್ನೆಲ್ಲ ‘ಶಕ್ತಿ’ಯ ತಲೆಗೆ ಕಟ್ಟುವುದು ಸುಲಭ, ಕೊರೊನಾ ಕಾಲದ ಖಾಲಿ ಬಸ್ಸುಗಳು, ಮೊದಲಿನ ಬಾಕಿಗಳು ಆ ಪಟ್ಟಿಯಲ್ಲಿ ಮೇಲೇ ಇವೆ.

ಕುತೂಹಲ ಇರುವುದು ಮುಂದೆ. ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಶೂನ್ಯ ಟಿಕೆಟ್ಟಿನವರಾದ ಮೇಲೆ, ದರ ಏರಿಸಿದರೆ ಯಾರ ಜೇಬಿಗೆ ಕತ್ತರಿ? ಒಂದು, ಗಂಡಸರದು. ಇನ್ನೊಂದು, ಸ್ವತಃ ಸರ್ಕಾರದ್ದು. ಸಂಪುಟ ತನ್ನ ಬಿಲ್ಲನ್ನು ತಾನೇ ಶೇ 15ರಷ್ಟು ಏರಿಸಿಕೊಂಡಂತಾಯಿತು. ಎರಡು ತಿಂಗಳ ನಂತರ ಬಂದ ಬಜೆಟ್ಟಿನಲ್ಲಿ ‘ಶಕ್ತಿ’ಯ ಮೊತ್ತ 5,015ರಿಂದ 5,300 ಕೋಟಿಗೆ ಏರಿತು, ಅಂದರೆ ಶೇ 6ಕ್ಕಿಂತ ಕಡಿಮೆ. ದರ ಹದಿನೈದು, ಹಣ ಆರು. ಗಂಡಸರು ಹೆಚ್ಚಿನ ದರವನ್ನು ಅಂದೇ, ಚಿಲ್ಲರೆ ಸಮೇತ ಕೊಟ್ಟರು.

ಅದೇ ಚಳಿಗಾಲದಲ್ಲಿ ಇನ್ನೊಂದು ತೀರ್ಮಾನವಾಯಿತು. ಭವಿಷ್ಯ ನಿಧಿಯ ಬಾಕಿ ಮತ್ತು ಇಂಧನದ ಬಿಲ್ಲು ತೀರಿಸಲು ನಾಲ್ಕು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಬಹುದು, ಮರುಪಾವತಿಯ ಹೊಣೆ ಸರ್ಕಾರದ್ದು. ಪಾಲು ಹೀಗಿತ್ತು: ವಾಯವ್ಯಕ್ಕೆ 646 ಕೋಟಿ, ಕೆಎಸ್‌ಆರ್‌ಟಿಸಿಗೆ 623.80 ಕೋಟಿ, ಬೆಂಗಳೂರಿಗೆ 589.20 ಕೋಟಿ, ಕಲ್ಯಾಣ ಕರ್ನಾಟಕಕ್ಕೆ 141 ಕೋಟಿ. ಭವಿಷ್ಯ ನಿಧಿ ಎಂದರೆ ಯಾವ ಹಣ? ನೌಕರನ ಸಂಬಳದಿಂದ ಮುರಿದುಕೊಂಡ, ಅವನ ಹೆಸರಿನಲ್ಲಿ ಕಟ್ಟಬೇಕಾದ ಹಣ. ಅದು ಕಟ್ಟದೆ ಉಳಿದಿದೆ ಎಂದರೆ ಅದು ಬೇರೆಲ್ಲೋ ಖರ್ಚಾಗಿದೆ, ಬಹುಶಃ ಡೀಸೆಲ್ ಟ್ಯಾಂಕಿನಲ್ಲಿ ಉರಿದುಹೋಗಿದೆ. ಸರ್ಕಾರಕ್ಕೆ ಕೈಸಾಲ ಕೊಟ್ಟ ನಿಗಮದ ಹಿಂದೆ, ನಿಗಮಕ್ಕೆ ಕೈಸಾಲ ಕೊಟ್ಟ ನೌಕರ ನಿಂತಿದ್ದಾನೆ. ಅವನನ್ನು ಯಾರೂ ಕೇಳಿ ಪಡೆದದ್ದಲ್ಲ.

2025ರ ಆಗಸ್ಟ್ 5ರ ಮುಷ್ಕರಕ್ಕೆ ಈ ಹಿನ್ನೆಲೆಯಿದೆ. 2020ರ ಜನವರಿಯಿಂದ 2023ರ ಫೆಬ್ರುವರಿವರೆಗಿನ 38 ತಿಂಗಳ ವೇತನ ಏರಿಕೆಯ ಹಿಂಬಾಕಿ ಕೊಡಿ ಎಂಬುದು ಮುಖ್ಯ ಬೇಡಿಕೆ. ಮೊತ್ತ 1,785 ಕೋಟಿ. ಹೈಕೋರ್ಟ್ ತಡೆ ಕೊಟ್ಟಿತ್ತು. ಆದರೂ ಬೆಳಿಗ್ಗೆ ಅನೇಕ ಕಡೆ ಬಸ್ಸು ಹೊರಡಲಿಲ್ಲ. ನ್ಯಾಯಾಲಯ ಗದರಿದ ಮೇಲೆ ಅಂದೇ ಮುಷ್ಕರ ನಿಂತಿತು. ಹಿಂಬಾಕಿಯ ಪ್ರಶ್ನೆ ನಿಲ್ಲಲಿಲ್ಲ.

ಪಕ್ಕದ ಮನೆಯ ನಿಯಮ

ಹೀಗೆ ಸವಲತ್ತು ಸರ್ಕಾರದ್ದು, ಸಾಮಾನು ಇನ್ನೊಬ್ಬರದು ಎಂಬ ಸ್ಥಿತಿ ಬಸ್ಸಿಗೆ ಮಾತ್ರ ಇರುವುದಲ್ಲ. ವಿದ್ಯುತ್ತಿಗೂ ಇದೆ. ಅಲ್ಲಿ ದರ ನಿಗದಿಗೆ 1999ರಿಂದಲೇ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ. ಅದಕ್ಕಿಂತ ಮುಖ್ಯವಾದದ್ದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ: ಸರ್ಕಾರ ಯಾರಿಗಾದರೂ ಸಬ್ಸಿಡಿ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿ ಕೊಡಬೇಕು, ಕೊಡದಿದ್ದರೆ ಸರ್ಕಾರದ ನಿರ್ದೇಶನ ಜಾರಿಗೆ ಬರುವುದಿಲ್ಲ, ಆಯೋಗ ಹೇಳಿದ ದರವೇ ನಡೆಯುತ್ತದೆ. ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೂ ಸರ್ಕಾರದಿಂದ ಬಾಕಿ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಬಾಕಿ ಉಳಿಸುವುದು ಕಾನೂನು ಮೀರಿದ ನಡೆ. ಬಸ್ಸಿನ ವಿಷಯದಲ್ಲಿ ಅದು ಬರೀ ತಡ.

ನನಗೆ ತೋಚುವ ತಿದ್ದುಪಡಿ ದೊಡ್ಡದೇನಲ್ಲ. ಹಿಂದಿನ ತ್ರೈಮಾಸಿಕದ ಶೂನ್ಯ ಟಿಕೆಟ್‌ಗಳ ಲೆಕ್ಕ ಹಿಡಿದು ಮುಂದಿನ ತ್ರೈಮಾಸಿಕದ ಹಣ ಮುಂಗಡವಾಗಿ ಬರಲಿ, ವ್ಯತ್ಯಾಸ ಆಮೇಲೆ ಸರಿಹೊಂದಲಿ. ತಲೆಯ ಲೆಕ್ಕದ ಜೊತೆಗೆ ಕಿಲೋಮೀಟರಿನ ಲೆಕ್ಕಕ್ಕೂ ಒಂದಿಷ್ಟು ಹಣ ಕಟ್ಟಿಡಲಿ. ಇಂತಿಷ್ಟು ಹಳ್ಳಿಗೆ ದಿನಕ್ಕೆ ಇಂತಿಷ್ಟು ಬಾರಿ ಬಸ್ಸು ಹೋಗಬೇಕು, ಹೋದದ್ದಕ್ಕೆ ಹಣ. ಆಗ ನಿರ್ವಾಹಕನ ಮೇಲೆ ಶೂನ್ಯ ಟಿಕೆಟ್ ಹೆಚ್ಚಿಸುವ ಆಸೆಯಾಗಲಿ ಒತ್ತಡವಾಗಲಿ ಇರುವುದಿಲ್ಲ. ಟಿಕೆಟ್ಟೇ ಬಿಲ್ಲಾಗಿರುವ ಕಡೆ ಖಾಲಿ ಸೀಟಿಗೂ ಟಿಕೆಟ್ ಹರಿಯುವ ಮನಸ್ಸು ಯಾರಿಗಾದರೂ ಬಂದೀತು.

ಇಷ್ಟೂ ಆಗದಿದ್ದರೆ, ತಿಂಗಳಿಗೊಮ್ಮೆ ಮೂರು ಅಂಕಿಗಳನ್ನು ಪ್ರತಿ ಘಟಕದ ಸೂಚನಾ ಫಲಕದಲ್ಲಿ ಅಂಟಿಸಲಿ: ಆ ತಿಂಗಳ ಬಿಲ್ಲು, ಬಂದ ಹಣ, ಉಳಿದ ಬಾಕಿ. ಮೊದಲ ಅಂಕಿಯನ್ನು ನಿರ್ವಾಹಕರು ಪ್ರತಿ ರಾತ್ರಿ ಆ ಕಿಟಕಿಯಲ್ಲಿ ಒಪ್ಪಿಸಿಯೇ ಮನೆಗೆ ಹೋಗುತ್ತಾರೆ. ಉಳಿದೆರಡು ವಿಧಾನಸೌಧದಿಂದ ಬರಬೇಕು.